ಮುರಕಲ್ಲಿನ ಗೋಡೆಗೆ ಮರದ ಹೊದಿಕೆ

ಚಾವಡಿಯ ಗೋಡೆಗೆ ಮರದ ಹಲಗೆ ಹೊದೆಸುವ ಆಸೆ ಈಗ ಕಾಸರಗೋಡಿನ ಹಳ್ಳಿಮನೆಗಳಿಗೂ ಬಂದಿದೆ. ತಪ್ಪೇನಿಲ್ಲ, ಹಲಸಿನ ಮುಚ್ಚಿಗೆಯಡಿ ಬೆಳೆದವರು ನಾವು. ಆದರೆ ಮುಚ್ಚಿಗೆಯು ನೆಲದ ನೀರಿಗೂ ಗೋಡೆಯ ತೇವಕ್ಕೂ ದೂರವಿತ್ತು. ಗೋಡೆಗೆ ಬಡಿದ ಹಲಗೆಯಾದರೋ ತೇವದ ಮಡಿಲಲ್ಲೇ ಕುಳಿತಿರುತ್ತದೆ. ಮಳೆಗಾಲದಲ್ಲಿ ಮುರಕಲ್ಲು ಕುಡಿದ ನೀರು ಬೇಗನೆ ಆರುವಂಥದಲ್ಲ. ಆದುದರಿಂದ ಸೋರುವ ಗೋಡೆಯನ್ನು ಮೊದಲು ಸರಿಪಡಿಸಿ, ಅನಂತರ ಮರದ ಪಟ್ಟಿಗಳನ್ನು ಜಡಿದು ಅವುಗಳ ಮೇಲೆ ಹಲಗೆ ಕೂರಿಸಬೇಕು. ಹಿಂದಿನ ತೆರಪಿನಲ್ಲಿ ಮೇಲೂ ಕೆಳಗೂ ಗಾಳಿಯಾಡುವಂತಿರಬೇಕು. ಗೋಡೆಗೇ ಅಂಟು ಬಳಿದು ಒತ್ತಿಬಿಡುವುದು ಗೆದ್ದಲಿಗೆ ನೀಡುವ ಆಮಂತ್ರಣ.

ಪ್ಲೈವುಡ್ ಕೊಳ್ಳುವವರು ಅಂಗಡಿಯವರ ಬಾಯಿಮಾತಿಗೆ ತೃಪ್ತರಾಗದೆ ಹಲಗೆಯ ಮೇಲೆ ಐ.ಎಸ್. 710 ಎಂಬ ಮುದ್ರೆಯನ್ನು ನೋಡಲಿ, ಬಿಲ್ಲಿನಲ್ಲಿಯೂ ಬರೆಸಿಕೊಳ್ಳಲಿ. ಎಂ.ಡಿ.ಎಫ್. ಅಂಚುಪಟ್ಟಿ ಅಗ್ಗವೆಂಬುದು ನಿಜ. ನೆಲ ಒರೆಸುವ ನೀರು ಬುಡಕ್ಕೆ ತಗಲುತ್ತಿದ್ದರೆ ಉಬ್ಬಿ ಸಿಡಿಯುತ್ತದೆ. ಅಲ್ಲಿಗೆ ತೇಗವೋ ಹಲಸೋ ಇರಲಿ.

ಕೊಯ್ಯುವ ಮುನ್ನ ಮರವು ಆ ಕೋಣೆಯಲ್ಲೇ ಕೆಲವು ದಿನ ಒಗ್ಗಲಿ. ಆಟಿಯಲ್ಲಿ ಆಚಾರಿಗಳನ್ನು ಕರೆಯಬೇಡಿ. ಆಗ ಉಬ್ಬಿದ್ದ ಹಲಗೆ ಬೇಸಿಗೆಗೆ ಕುಗ್ಗಿ ಸಂದು ಬಿಡುತ್ತದೆ. ಬೇಸಿಗೆಯ ಕೆಲಸವಾದರೆ ಹಲಗೆಗಳ ನಡುವೆ ನಾಣ್ಯದ ದಪ್ಪದಷ್ಟು ಎಡೆ ಬಿಡಲು ಹೇಳಿ. ಮಳೆಗೆ ಮರ ಹಿಗ್ಗುವುದು ಅಡ್ಡಕ್ಕೆ, ಉದ್ದಕ್ಕಲ್ಲ.