ಹಗುರ ಸೈಕಲ್ಲು, ಇಂಗಾಲದ ಎಳೆ ಮತ್ತು ಮಂಡಕ್ಕಿ

ಶಾಮನೂರಿನ ವೆಲ್ಡಿಂಗ್ ಅಂಗಡಿಯೊಂದಕ್ಕೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಸೈಕಲ್ಲು ತಳ್ಳಿಕೊಂಡು ಬಂದ. ಅದಕ್ಕೆ ಕ್ಯಾರಿಯರ್ ಇರಲಿಲ್ಲ, ಮಡ್‌ಗಾರ್ಡ್ ಇರಲಿಲ್ಲ, ಸ್ಟ್ಯಾಂಡು, ಬೆಲ್ಲು, ಚೈನ್ ಕವರ್ ಒಂದೂ ಇರಲಿಲ್ಲ. ಎಲ್ಲವನ್ನೂ ತಾನೇ ಬಿಚ್ಚಿ ಅಟ್ಟಕ್ಕೆ ಹಾಕಿ ಬಂದಿದ್ದ. ಇನ್ನು ಉಳಿದದ್ದು ಫ್ರೇಮು. "ಅಣ್ಣಾ, ಈ ಪೈಪಿಗೆ ಸಾಲಾಗಿ ತೂತು ಹೊಡೆದು ಕೊಡ್ರಿ, ತೂಕ ಕಮ್ಮಿ ಆಗ್ಲಿ" ಎಂದ. ಅಂಗಡಿಯಾತ ಸೈಕಲ್ಲನ್ನು ಒಂದು ಸಲ ಎತ್ತಿ ನೋಡಿ ಕೆಳಗಿಟ್ಟ. "ತೂತು ಹೊಡೀಬಹುದು ತಮ್ಮಾ, ಆಮೇಲೆ ಮುರಿತತಿ. ನಿಮ್ಮಪ್ಪ ಬಂದು ನನ್ನ ಕೇಳ್ತಾರೆ" ಎಂದ.

ಹುಡುಗನ ತಲೆಯಲ್ಲಿದ್ದದ್ದು ಟ್ರಯಲ್ಸ್ ಎಂಬ ಆಟ. ಇದು ವೇಗದ ಸ್ಪರ್ಧೆಯಲ್ಲ. ಬಂಡೆ, ಮರದ ದಿಮ್ಮಿ, ಸಿಮೆಂಟ್ ಪೈಪು, ಎತ್ತರದ ಕಟ್ಟೆ ಇವುಗಳ ಮೇಲೆ ಕಾಲನ್ನು ನೆಲಕ್ಕೆ ಊರದೆ ಸೈಕಲ್ಲನ್ನೋ ಮೋಟಾರ್ ಸೈಕಲ್ಲನ್ನೋ ದಾಟಿಸಬೇಕು. ಊರಿದರೆ ದಂಡ. ಮೋಟಾರ್ ಸೈಕಲ್ಲಿನ ಟ್ರಯಲ್ಸ್ ಬೆಳೆದದ್ದು ಬ್ರಿಟನ್ನಿನಲ್ಲಿ. ಸೈಕಲ್ಲಿನದು ಸ್ಪೇನ್ ದೇಶದ ಕೆಟಲೋನಿಯಾದಲ್ಲಿ, 1970ರ ದಶಕದಲ್ಲಿ. ಪೆರೆ ಪಿ ಎಂಬ ಮೋಟಾರ್ ಸೈಕಲ್ ಸವಾರ ತನ್ನ ಮಗ ಓಟ್ ಪಿಗೆ ಇದೇ ಕಸರತ್ತನ್ನು ಸೈಕಲ್ಲಿನ ಮೇಲೆ ಕಲಿಸಿದ. ಮಗ ಮುಂದೆ ವಿಶ್ವ ಚಾಂಪಿಯನ್ ಆದ. ಈ ಆಟದ ಸೈಕಲ್ಲಿಗೆ ಸೀಟೇ ಇರುವುದಿಲ್ಲ ಎಂದರೆ ಕೆಲವರಿಗೆ ನಗು ಬರಬಹುದು. ಕೂರುವ ಪ್ರಸಂಗವೇ ಇಲ್ಲದ ಮೇಲೆ ಸೀಟಿನ ಭಾರ ಯಾಕೆ? ಸ್ಪರ್ಧೆಯ ಟ್ರಯಲ್ಸ್ ಸೈಕಲ್ಲು 10 ಕಿ.ಗ್ರಾಂ. ಒಳಗಿರುತ್ತದೆ. ಹಾಲಿನವರು, ಪೇಪರ್ ಹಾಕುವವರು ಓಡಿಸುತ್ತ ಬಂದ ಕರಿ ಸೈಕಲ್ಲಾದರೋ ಸುಮಾರು 20 ಕಿ.ಗ್ರಾಂ.

ಈ ತೂಕದ ವ್ಯತ್ಯಾಸ ನಿಜಕ್ಕೂ ಅಷ್ಟು ಮುಖ್ಯವೇ? ಪ್ರೌಢಶಾಲೆಯ ಭೌತಶಾಸ್ತ್ರ ಸಾಕು, ಲೆಕ್ಕ ಹಾಕಿ ನೋಡಬಹುದು. 50 ಕಿ.ಗ್ರಾಂ. ತೂಕದ ಹುಡುಗ 1 ಮೀಟರ್ ಎತ್ತರದ ಕಟ್ಟೆ ಏರಬೇಕು. ಸೈಕಲ್ಲು 20 ಕಿ.ಗ್ರಾಂ. ಆದರೆ ಒಟ್ಟು 70. ಇದನ್ನು 9.8ರಿಂದ ಗುಣಿಸಿದರೆ 686 ಜೌಲ್. ಸೈಕಲ್ಲು 9 ಕಿ.ಗ್ರಾಂ. ಆದರೆ 578 ಜೌಲ್. ಉಳಿತಾಯ ಶೇ. 16 ಮಾತ್ರ. ಇಷ್ಟಕ್ಕೇ ಇಷ್ಟೆಲ್ಲಾ ಖರ್ಚೇ ಎಂದು ಯಾರಾದರೂ ಕೇಳಿಯಾರು. ಆದರೆ ಸವಾರ ಏರುವ ರೀತಿ ಬೇರೆ. ಮೊದಲು ಹಿಂದಿನ ಚಕ್ರದ ಮೇಲೆ ನಿಂತು, ಮಂಡಿ ಬಗ್ಗಿಸಿ, ತನ್ನ ಮೈಯನ್ನು ಮೇಲಕ್ಕೆ ಚಿಮ್ಮಿಸುತ್ತಾನೆ. ಆಮೇಲೆ ಗಾಳಿಯಲ್ಲಿ ಇರುವಾಗಲೇ ಸೈಕಲ್ಲನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಆ ಎಳೆತದಲ್ಲಿ ಕೆಲಸ ಆಗುವುದು ಸೈಕಲ್ಲಿನ ಮೇಲೆ ಮಾತ್ರ: ಭಾರದ್ದಕ್ಕೆ 196 ಜೌಲ್, ಹಗುರದ್ದಕ್ಕೆ 88 ಜೌಲ್. ಅದೂ ಅರ್ಧ ಸೆಕೆಂಡಿನಲ್ಲಿ. ಅಂದರೆ 392 ವಾಟ್ ಎಲ್ಲಿ, 176 ವಾಟ್ ಎಲ್ಲಿ! ಹುಡುಗ ತೂಕ ಇಳಿಸಬೇಕೆಂದು ಹಟ ಹಿಡಿದದ್ದು ಹುಚ್ಚಲ್ಲ.

ತಪ್ಪಿದ್ದು ಇಳಿಸುವ ಜಾಗ. ಅವನು ಕೇಳಿದ ತೂತಿನ ಲೆಕ್ಕವನ್ನೇ ನೋಡೋಣ. ಪೈಪಿನ ಗೋಡೆ 1.2 ಮಿ.ಮೀ. ದಪ್ಪ ಎಂದುಕೊಂಡರೆ, 8 ಮಿ.ಮೀ. ಅಗಲದ ಒಂದು ತೂತಿನಿಂದ ಹೊರಬರುವ ಉಕ್ಕು ಅರ್ಧ ಗ್ರಾಂಗಿಂತ ಕಡಿಮೆ. ಪೈಪಿನ ಈಚೆಯಿಂದ ಆಚೆಗೆ 20 ಕಡೆ ಕೊರೆದರೂ ಸುಮಾರು 19 ಗ್ರಾಂ. ಎರಡು ಮೂರು ಹಿಡಿ ಮಂಡಕ್ಕಿಯ ತೂಕ. ಅದಕ್ಕೆ ತೆರುವ ಬೆಲೆಯೇನು? ಎಳೆತಕ್ಕೆ ಸಿಕ್ಕಿದ ತಗಡಿನಲ್ಲಿ ಒಂದು ಗುಂಡು ತೂತಿದ್ದರೆ ಅದರ ಅಂಚಿನಲ್ಲಿ ಒತ್ತಡ ಸುಮಾರು 3 ಪಟ್ಟಾಗುತ್ತದೆ. ಜರ್ಮನಿಯ ಕಿರ್ಶ್ ಇದನ್ನು 1898ರಷ್ಟು ಹಿಂದೆಯೇ ಗಣಿತದಿಂದ ತೋರಿಸಿಕೊಟ್ಟರು. ಅಂಚೆ ಚೀಟಿಯ ಹಾಳೆ ಹರಿಯುವುದು ತೂತಿನ ಸಾಲಿನ ಗುಂಟವೇ ಅಲ್ಲವೇ? ಸೈಕಲ್ಲಿನ ಪೈಪಿಗೆ ಸಾಲಾಗಿ ತೂತು ಹೊಡೆಯುವುದೆಂದರೆ 'ಇಲ್ಲಿ ಹರಿಯಿರಿ' ಎಂದು ಗುರುತು ಹಾಕಿದಂತೆ. ಎತ್ತರದಿಂದ ಇಳಿಯುವಾಗ ಮುಂದಿನ ಫೋರ್ಕು ಅಥವಾ ಹ್ಯಾಂಡಲ್ಲಿನ ಬುಡದ ಪೈಪು ಮುರಿದರೆ ಮೊದಲು ನೆಲಕ್ಕೆ ಬಡಿಯುವುದು ಮುಖ.

ಟ್ರಯಲ್ಸ್ ಸೈಕಲ್ಲುಗಳ ರಿಮ್ಮಿನಲ್ಲಿ ದೊಡ್ಡ ದೊಡ್ಡ ತೂತುಗಳಿರುವುದು ನಿಜ. ಬಹುಶಃ ಹುಡುಗನಿಗೆ ಈ ಆಲೋಚನೆ ಬಂದದ್ದೂ ಅಲ್ಲಿಂದಲೇ. ಆದರೆ ಅವು ಕಡ್ಡಿಗಳ ನಡುವೆ, ಭಾರ ಕಡಿಮೆ ಬೀಳುವ ಜಾಗ ನೋಡಿ, ರಿಮ್ಮನ್ನು ರೂಪಿಸುವಾಗಲೇ ಲೆಕ್ಕ ಹಾಕಿ ಬಿಟ್ಟ ತೂತುಗಳು. ಇನ್ನೊಂದು ಕಾರಣವೂ ಇದೆ. ರಿಮ್ಮು ಮುಂದಕ್ಕೂ ಚಲಿಸಬೇಕು, ಸುತ್ತಲೂ ಬೇಕು. ಹಾಗಾಗಿ ಸೈಕಲ್ಲನ್ನು ಮುನ್ನುಗ್ಗಿಸುವಾಗ ರಿಮ್ಮಿನಲ್ಲಿ ಉಳಿಸಿದ 100 ಗ್ರಾಂ ಫ್ರೇಮಿನಲ್ಲಿ ಉಳಿಸಿದ ಸುಮಾರು 200 ಗ್ರಾಂಗೆ ಸಮ.

ಹಾಗಾದರೆ ಫ್ರೇಮನ್ನು ಹಗುರ ಮಾಡುವುದು ಹೇಗೆ? ಇದಕ್ಕೆ ದಾವಣಗೆರೆಯವರು ದೂರ ಹೋಗಬೇಕಿಲ್ಲ, ಮಂಡಕ್ಕಿ ಭಟ್ಟಿಯ ಮುಂದೆ ನಿಂತರೆ ಸಾಕು. ಒಳಗೆ ಹೋಗುವುದು ಅಕ್ಕಿ, ಹೊರಗೆ ಬರುವುದೂ ಅದೇ ಅಕ್ಕಿ. ಪದಾರ್ಥ ಹೆಚ್ಚಲಿಲ್ಲ, ಜಾಗ ಹೆಚ್ಚಿತು. ಫ್ರೇಮಿನ ಪೈಪಿಗೂ ಇದೇ ಉಪಾಯ. ಅಷ್ಟೇ ಲೋಹವನ್ನು ಎರಡು ಪಟ್ಟು ಅಗಲದ, ಅರ್ಧ ದಪ್ಪದ ಗೋಡೆಯ ಪೈಪು ಮಾಡಿದರೆ ಅದು ಬಾಗದೆ ನಿಲ್ಲುವ ಶಕ್ತಿ 4 ಪಟ್ಟಾಗುತ್ತದೆ. ಅಲ್ಯೂಮಿನಿಯಂ ಸೈಕಲ್ಲಿನ ಪೈಪುಗಳು ಕಬ್ಬಿಣದ ಸೈಕಲ್ಲಿನವಕ್ಕಿಂತ ದಪ್ಪಗೆ ಕಾಣುವುದು ಇದೇ ಕಾರಣಕ್ಕೆ. ಬಿದಿರು, ಹಕ್ಕಿಯ ಮೂಳೆ ಇವೂ ಇದೇ ಲೆಕ್ಕದವು. ಆದರೆ ಮಂಡಕ್ಕಿ ಎರಡು ಬೆರಳ ನಡುವೆ ಪುಡಿಯಾಗುತ್ತದೆ, ಅಕ್ಕಿ ಆಗುವುದಿಲ್ಲ. ಗೋಡೆ ತೆಳುವಾದಷ್ಟೂ ಬಂಡೆಯ ಒಂದು ಏಟಿಗೆ ನುಗ್ಗಾಗುವ ಭಯ. ಟ್ರಯಲ್ಸ್ ವಾಹನ ರೂಪಿಸುವವರ ಇಡೀ ತಲೆನೋವು ಈ ಎರಡರ ನಡುವಿನದು.

ಹಳೆಯ ಉದಾಹರಣೆಯೊಂದಿದೆ. 1960ರ ದಶಕದ ಆರಂಭದಲ್ಲಿ ಉತ್ತರ ಐರ್ಲೆಂಡಿನ ಸ್ಯಾಮಿ ಮಿಲ್ಲರ್ ತನ್ನ 500 ಸಿ.ಸಿ. ಏರಿಯಲ್ ಮೋಟಾರ್ ಸೈಕಲ್ಲಿನ ಒಂದೊಂದು ಭಾಗವನ್ನೂ ಬದಲಿಸುತ್ತ ತೂಕವನ್ನು ಸುಮಾರು 111 ಕಿ.ಗ್ರಾಂಗೆ ಇಳಿಸಿದ್ದರು. ಅದಕ್ಕಿಂತ ಇಳಿಸಲು ಆ ಎಂಜಿನ್ನೇ ಅಡ್ಡಿ. ಕೊನೆಗೆ ಅವರು ಸ್ಪೇನಿನ ಬುಲ್ಟಾಕೊ ಕಂಪನಿಯೊಂದಿಗೆ ಸೇರಿ, ಸಣ್ಣ ಟೂ ಸ್ಟ್ರೋಕ್ ಎಂಜಿನ್ನಿನ ಸುತ್ತ ಹೊಸ ವಾಹನವನ್ನೇ ರೂಪಿಸಿದರು. 100 ಕಿ.ಗ್ರಾಂಗೂ ಕಡಿಮೆ ತೂಕದ ಆ ಶೆರ್ಪಾ 1965ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸ್ ಗೆದ್ದಿತು. ಭಾರೀ ಎಂಜಿನ್ನುಗಳ ಕಾಲ ಅಲ್ಲಿಗೆ ಮುಗಿಯಿತು. ಅದರಲ್ಲಿದ್ದದ್ದೂ ಉಕ್ಕಿನ ಪೈಪೇ. ಇಂಗಾಲದ ಎಳೆಯ ಹೆಸರೇ ಅಲ್ಲಿಲ್ಲ. (ಹಾಗೆಂದು ಭಾರ ಎಲ್ಲೆಡೆ ಶತ್ರುವಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸುತ್ತಿದ್ದ ಲೇತ್ ಯಂತ್ರಗಳ ಗುಣ ಇದ್ದದ್ದೇ ಅವುಗಳ ಬೀಡುಕಬ್ಬಿಣದ ಭಾರದಲ್ಲಿ. ಲೇತು ನಡುಗಿದರೆ ಕೆಲಸ ಕೆಟ್ಟಿತು.)

ಇನ್ನು ಎಲ್ಲರ ಬಾಯಲ್ಲಿರುವ ಕಾರ್ಬನ್ ಫೈಬರ್, ಅಂದರೆ ಇಂಗಾಲದ ಎಳೆಯ ವಿಚಾರ. 1879ರಲ್ಲಿ ಎಡಿಸನ್ ವಿದ್ಯುದ್ದೀಪಕ್ಕಾಗಿ ಹತ್ತಿಯ ದಾರವನ್ನೂ ಆಮೇಲೆ ಬಿದಿರಿನ ಎಳೆಯನ್ನೂ ಗಾಳಿ ತಾಗದಂತೆ ಸುಟ್ಟು ಇಂಗಾಲದ ತಂತಿ ಮಾಡಿದ್ದರು. ಇದ್ದಿಲು ಸುಡುವ ಗೂಡಿನ ತತ್ವವೇ ಇದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ರೇಯಾನ್ ನೂಲನ್ನು ಹೀಗೆ ಸುಟ್ಟು ಇಂಗಾಲದ ಎಳೆ ತೆಗೆಯಿತು. ರೇಯಾನ್ ಎಂದರೆ ಹರಿಹರದವರಿಗೆ ಹೊಸದೇನಲ್ಲ. ತುಂಗಭದ್ರೆಯ ಆಚೆ ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ಮರದ ತಿರುಳನ್ನು ರಸಾಯನಗಳಲ್ಲಿ ಕರಗಿಸಿ ಬಟ್ಟೆಗೆ ಬೇಕಾದ ಎಳೆ ತೆಗೆಯುತ್ತಿದ್ದಾರೆ. ಅದು ಸೀರೆ, ಷರ್ಟುಗಳಿಗೆ ಹೋಗುವ ಎಳೆ, ಸೈಕಲ್ಲಿಗಲ್ಲ. ಆದರೆ ಇಂಗಾಲದ ಎಳೆಯ ವಂಶವೃಕ್ಷದಲ್ಲಿ ಅದೂ ಒಬ್ಬ ಅಜ್ಜ. ಇಂದು ಬಹುಪಾಲು ಇಂಗಾಲದ ಎಳೆ ಬರುವುದು ಪಾಲಿಅಕ್ರಿಲೊನೈಟ್ರೈಲ್ ಎಂಬ ಕೃತಕ ನೂಲಿನಿಂದ. ಇದನ್ನು ಜಪಾನಿನ ಅಕಿಯೊ ಶಿಂಡೊ 1960ರ ಸುಮಾರಿಗೆ ತೋರಿಸಿಕೊಟ್ಟರು. ಆ ನೂಲನ್ನು ಬಿಗಿಯಾಗಿ ಎಳೆದು ಹಿಡಿದು ಮೊದಲು 200ರಿಂದ 300 ಡಿಗ್ರಿಯಲ್ಲಿ ಗಾಳಿಯಲ್ಲಿ ಹದಗೊಳಿಸಿ, ಆಮೇಲೆ ಸಾರಜನಕದ ನಡುವೆ 1000 ಡಿಗ್ರಿಗೂ ಮೀರಿ ಕಾಯಿಸುತ್ತಾರೆ. ತೂಕದ ಅರ್ಧದಷ್ಟು ಅನಿಲವಾಗಿ ಹೋಗಿ, ಉಳಿಯುವುದು ತಲೆಗೂದಲಿನ ಹತ್ತನೇ ಒಂದರಷ್ಟು ಸಣ್ಣ ಕರಿ ಎಳೆ.

ಅದರ ಶಕ್ತಿ ಎಷ್ಟು? ಸಾಮಾನ್ಯ ಮೆದು ಉಕ್ಕಿನ 1 ಚದರ ಮಿ.ಮೀ. ತಂತಿ ಸುಮಾರು 40 ಕಿ.ಗ್ರಾಂ. ಭಾರಕ್ಕೆ ಹರಿಯುವುದಾದರೆ, ಅಷ್ಟೇ ದಪ್ಪದ ಇಂಗಾಲದ ಎಳೆಗಳ ಕಂತೆ 350 ಕಿ.ಗ್ರಾಂ. ತಾಳುತ್ತದೆ. ತೂಕವೋ, ಉಕ್ಕಿನ ಕಾಲು ಭಾಗಕ್ಕೂ ಕಡಿಮೆ. ಆದರೆ ಎಳೆ ಬಲಶಾಲಿಯಾದದ್ದು ಉದ್ದಕ್ಕೆ ಮಾತ್ರ, ಬಿದಿರು ಉದ್ದಕ್ಕೆ ಗಟ್ಟಿ ಇದ್ದು ಮಚ್ಚಿನ ಒಂದು ಏಟಿಗೆ ಸೀಳುವ ಹಾಗೆ. ಆದ್ದರಿಂದ ಎಳೆಗಳನ್ನು ಎಪಾಕ್ಸಿ ಅಂಟಿನಲ್ಲಿ ಅದ್ದಿ, ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಮತ್ತೊಂದು ಓರೆಯಾಗಿ ಜೋಡಿಸಿ, ಒತ್ತಡದಲ್ಲಿ ಬೇಯಿಸಬೇಕು. ಹಾಸು ಹೊಕ್ಕು ಬಲ್ಲ ನೇಕಾರರಿಗೆ ಇದನ್ನು ವಿವರಿಸಬೇಕಿಲ್ಲ. ಯಾವ ದಿಕ್ಕಿಗೆ ಎಷ್ಟು ಪದರ ಎಂಬುದನ್ನು ರೂಪಿಸುವವರೇ ತೀರ್ಮಾನಿಸಬಹುದು. ಬೇಕಾದಲ್ಲಿ ಬಲ, ಬೇಡವಾದಲ್ಲಿ ಹಗುರ. ಲೋಹದಲ್ಲಿ ಈ ಸ್ವಾತಂತ್ರ್ಯವಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಈ ವಿದ್ಯೆಯಲ್ಲಿ ದಶಕಗಳಿಂದ ಕೆಲಸ ಮಾಡಿದೆ. 2001ರ ಜನವರಿ 4ರಂದು ಬೆಂಗಳೂರಿನಿಂದ ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45 ಇಂಥ ಪದರದ ವಸ್ತುವೇ.

ವಿಮಾನಕ್ಕೆ ಆಗುವುದು ಸೈಕಲ್ಲಿಗೆ ಆಗದೇ? ಆಗುತ್ತದೆ. ರಸ್ತೆ ಸ್ಪರ್ಧೆಯ ಸೈಕಲ್ಲುಗಳು ಎಷ್ಟು ಹಗುರವಾದವೆಂದರೆ 6.8 ಕಿ.ಗ್ರಾಂಗಿಂತ ಕಡಿಮೆ ಇರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ನೇ ಇಸವಿಯಲ್ಲಿ ಮಿತಿ ಹಾಕಬೇಕಾಯಿತು. ಆದರೆ ರಸ್ತೆಯ ಸೈಕಲ್ಲು ಕಲ್ಲಿಗೆ ಬಡಿಯುವುದು ಅಪರೂಪ, ಟ್ರಯಲ್ಸ್ ಸೈಕಲ್ಲು ದಿನವೂ ಬಡಿಯುತ್ತದೆ. ಉಕ್ಕು ಮುರಿಯುವ ಮುಂಚೆ ಬಾಗುತ್ತದೆ. ಅಲ್ಯೂಮಿನಿಯಂ ನುಗ್ಗಾಗಿ ಕಣ್ಣಿಗೆ ಕಾಣುತ್ತದೆ. ಇಂಗಾಲದ ಪೈಪು ಮಾತ್ರ ಏಟು ತಿಂದರೂ ಮೇಲೆ ಬಣ್ಣ ಹಾಗೇ ಇದ್ದು, ಒಳಗೆ ಪದರಗಳು ಬಿಟ್ಟುಕೊಂಡಿರಬಹುದು, ನೀರು ಕುಡಿದ ಪ್ಲೈವುಡ್ಡಿನಂತೆ. ಮುಂದೊಂದು ದಿನ, ಯಾವ ಸೂಚನೆಯೂ ಇಲ್ಲದೆ, ಒಂದೇ ಸಲಕ್ಕೆ ಲಟಕ್ಕನೆ ಮುರಿಯುತ್ತದೆ. ವಿಮಾನವನ್ನಾದರೆ ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸುವವರಿದ್ದಾರೆ, ಸೈಕಲ್ಲಿಗೆ ಯಾರಿದ್ದಾರೆ? ನಾಣ್ಯದಿಂದ ತಟ್ಟಿ ನೋಡುವ ಕ್ರಮ ಒಂದುಂಟು. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಡಬ್ ಎನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯರು ಮಾಡುವುದೂ ಇದನ್ನೇ. ಆದರೆ ಎಲ್ಲ ಬಿರುಕೂ ಈ ತಟ್ಟುವಿಕೆಗೆ ಸಿಗುವುದಿಲ್ಲ.

ಟ್ರಯಲ್ಸ್ ಸೈಕಲ್ಲು ಮಾಡುವವರು ಇಂಗಾಲದ ಎಳೆಯನ್ನು ಬಿಟ್ಟಿಲ್ಲ. ಹ್ಯಾಂಡಲ್ಲು, ಫೋರ್ಕು, ಇಡೀ ಫ್ರೇಮು ಎಲ್ಲವೂ ಅದರಲ್ಲಿ ಬಂದಿವೆ. ಆದರೂ ಅಲ್ಯೂಮಿನಿಯಂ ಇನ್ನೂ ಚಾಲ್ತಿಯಲ್ಲಿದೆ, ಪೆಡಲ್ಲಿನ ಅಡಿಯಲ್ಲಿ ಬಂಡೆಗೆ ತಾಗುವ ಜಾಗಕ್ಕೆ ಬದಲಿಸಬಹುದಾದ ಲೋಹದ ತಟ್ಟೆ ಇರುತ್ತದೆ. ಇಂಗಾಲದ ಫ್ರೇಮು ಬಲಹೀನ ಎಂದೇನೂ ತಿಳಿಯಬಾರದು. 2012ರಲ್ಲಿ ಬ್ರಿಟನ್ನಿನ ಮಾರ್ಟಿನ್ ಆಷ್ಟನ್ ಇಂಗಾಲದ ರಸ್ತೆ ಸ್ಪರ್ಧೆಯ ಸೈಕಲ್ಲನ್ನೇ ಹಿಡಿದು ಟ್ರಯಲ್ಸ್ ಕಸರತ್ತುಗಳನ್ನೆಲ್ಲ ಚಿತ್ರದಲ್ಲಿ ಮಾಡಿ ತೋರಿಸಿದರು. ಮರುವರ್ಷ ಅವರೇ ಒಂದು ಪ್ರದರ್ಶನದಲ್ಲಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಸೈಕಲ್ಲಿನ ತೂಕ ಎಷ್ಟೇ ಇಳಿಯಲಿ, ಬೀಳುವ ಮೈಯ ತೂಕ ಇಳಿಯುವುದಿಲ್ಲ.

ಮಕ್ಕಳು ಈ ಆಟಕ್ಕೆ ಹಟ ಹಿಡಿದರೆ ಪೋಷಕರು ಮೊದಲು ಕೊಡಿಸಬೇಕಾದದ್ದು ಹೆಲ್ಮೆಟ್ಟು, ಮೊಣಕಾಲಿನ ಕವಚ, ಸರಿಯಾಗಿ ಹಿಡಿಯುವ ಬ್ರೇಕು. ಇಂಗಾಲದ ಫ್ರೇಮಲ್ಲ, ಸೆಕೆಂಡ್ ಹ್ಯಾಂಡಿನದಂತೂ ಬೇಡವೇ ಬೇಡ. ನಿಂತಲ್ಲೇ ಕಾಲೂರದೆ ನಿಲ್ಲುವುದನ್ನು ಕಲಿಯಲು ಯಾವ ಸೈಕಲ್ಲಾದರೂ ಆದೀತು. ಎರಡು ಇಟ್ಟಿಗೆಯ ಎತ್ತರಕ್ಕಿಂತ ಮೇಲೆ ಹಾರಿಸಲು ಮಾತ್ರ ಶಾಲೆಗೆ ಹೋಗುವ ಸೈಕಲ್ಲಿನ ಫೋರ್ಕು ಸಾಲದು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಹ್ಯಾಂಡಲ್ಲಿನ ಬುಡದಲ್ಲೂ ಪೈಪುಗಳು ಕೂಡುವ ಬೆಸುಗೆಯಲ್ಲೂ ಕೂದಲೆಳೆಯಂಥ ಗೆರೆಯೋ ತುಕ್ಕಿನ ಸಾಲೋ ಕಂಡರೆ ಅಂದೇ ಓಡಿಸುವುದನ್ನು ನಿಲ್ಲಿಸಬೇಕು.

ಅಂಗಡಿಯಾತ ಅಂದು ಡ್ರಿಲ್ ಮುಟ್ಟಲಿಲ್ಲ. ಕ್ಯಾರಿಯರ್ ಬಿಚ್ಚುವಾಗ ಸಡಿಲಾಗಿದ್ದ ಹಿಂದಿನ ಚಕ್ರದ ನಟ್ಟು ಬಿಗಿ ಮಾಡಿದ, ಸವೆದ ಬ್ರೇಕ್ ಕಟ್ಟೆಗಳನ್ನು ಬದಲಿಸಿಕೊಂಡು ಬರಲು ಹೇಳಿದ. ಹುಡುಗನಿಗೆ ಸಮಾಧಾನವಾಗಲಿಲ್ಲ. ಪಕ್ಕದ ಗುಜರಿ ಅಂಗಡಿಯ ತಕ್ಕಡಿಗೆ ಸೈಕಲ್ಲು ಹಾಕಿಸಿದ. 16 ಕಿಲೊ 400 ಗ್ರಾಂ ಬಂತು. ತೂತು ಹೊಡೆಸಿದ್ದರೆ 16 ಕಿಲೊ 380 ಬರುತ್ತಿತ್ತು.