ಎರವಲು ಹೋದ ಕಾರ್ಡು ತೊಳೆದು ಬರಲಿ

ಅರಕಲಗೂಡಿನ ನನ್ನ ಸ್ಟುಡಿಯೊದಲ್ಲಿ ಮದುವೆ ಸೀಸನ್ ಬಂತೆಂದರೆ ಕಂಪ್ಯೂಟರಿಗೆ ಬಿಡುವಿಲ್ಲ. ಇರುವ ಒಳ್ಳೆಯ ಕಂಪ್ಯೂಟರ್ ಒಂದೇ, ಅದರಲ್ಲಿರುವ ದುಬಾರಿ ಗ್ರಾಫಿಕ್ಸ್ ಕಾರ್ಡೂ ಒಂದೇ. ಕೆಲಸ ಮಾತ್ರ ಎರಡು ಬಗೆಯವು. ವಿಡಿಯೊ ಎಡಿಟಿಂಗ್ ಲಿನಕ್ಸ್‌ನಲ್ಲಿ ನಡೆಯುತ್ತದೆ. ಆಲ್ಬಂ ಮಾಡಲು ಫೋಟೊಶಾಪ್ ಬೇಕು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಲಗ್ನಪತ್ರಿಕೆಗಳ ಫೈಲುಗಳು ಬೇಕು. ಅದಕ್ಕೆ ವಿಂಡೋಸ್ ಇಲ್ಲದೆ ಆಗದು. ಹಾಗಾಗಿ ಲಿನಕ್ಸ್ ಒಳಗೇ ಒಂದು ವರ್ಚುವಲ್ ಮಷೀನ್ ಮಾಡಿ ಅಲ್ಲಿ ವಿಂಡೋಸ್ ಕೂರಿಸಿದ್ದೇನೆ. ಹೊರಗಿನ ಲಿನಕ್ಸ್ ಹೋಸ್ಟ್, ಒಳಗಿನ ವಿಂಡೋಸ್ ಗೆಸ್ಟ್. ಆಲ್ಬಂ ಕೆಲಸ ಇರುವಷ್ಟು ಹೊತ್ತು ಗ್ರಾಫಿಕ್ಸ್ ಕಾರ್ಡನ್ನು ಇಡಿಯಾಗಿ ಗೆಸ್ಟ್ ಕೈಗೆ ಕೊಡುವ ಏರ್ಪಾಡಿಗೆ ಪಾಸ್‌ಥ್ರೂ ಎನ್ನುತ್ತಾರೆ.

ಕೊಡುವಾಗ ತಕರಾರಿಲ್ಲ, ತಕರಾರೆಲ್ಲ ವಾಪಸು ಪಡೆಯುವಾಗ. ವಿಂಡೋಸ್ ಮುಚ್ಚಿದ ಮೇಲೆ ಕಾರ್ಡು ಲಿನಕ್ಸ್‌ಗೆ ಮರಳಬೇಕು. ಸಾಧನಗಳ ಪಟ್ಟಿಯಲ್ಲಿ ಅದರ ಹೆಸರು ಕಾಣುತ್ತದೆ, ಆದರೆ ವಿಡಿಯೊ ರೆಂಡರ್ ಮಾಡು ಎಂದರೆ ಓಗೊಡುವುದಿಲ್ಲ. ಇಡೀ ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಬೇಕು. ಅಷ್ಟರಲ್ಲಿ ಕೊಣನೂರಿನ ಇನ್ನೊಂದು ಮದುವೆಯ ಮೆಮೊರಿ ಕಾರ್ಡುಗಳು ಅದೇ ಯಂತ್ರದಲ್ಲಿ ಕಾಪಿ ಆಗುತ್ತಿದ್ದರೆ, ಅದು ಮುಗಿಯುವವರೆಗೆ ನಾನು ಕೈಕಟ್ಟಿ ಕೂರಬೇಕು.

ಇಲ್ಲಿ ಆಗುವುದೇನೆಂದು ರಾಮನಾಥಪುರದ ಹೊಗೆಸೊಪ್ಪಿನ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಮುಸುಕಿನ ಜೋಳಕ್ಕೆ 2,4-ಡಿ ಕಳೆನಾಶಕ ಹೊಡೆಯಲು ಒಯ್ದ ಸ್ಪ್ರೇಯರನ್ನು ಪಕ್ಕದವನು ತೊಳೆಯದೆ ತಂದಿಟ್ಟರೆ, ಸ್ಪ್ರೇಯರ್ ಮನೆಗೆ ಬಂದಿದೆ ನಿಜ. ಅದರಲ್ಲೇ ಹೊಗೆಸೊಪ್ಪಿಗೆ ಔಷಧಿ ಹೊಡೆದರೆ ಎಲೆ ಮುರುಟುತ್ತದೆ. ಗ್ರಾಫಿಕ್ಸ್ ಕಾರ್ಡಿನೊಳಗೂ ಗೆಸ್ಟ್ ಮಾಡಿದ ಕೆಲಸದ ಸ್ಥಿತಿ ಉಳಿದಿರುತ್ತದೆ. ಅದನ್ನು ಅಳಿಸಿ, ಈಗಷ್ಟೇ ಕರೆಂಟು ಕೊಟ್ಟ ಹಾಗೆ ಮಾಡುವುದಕ್ಕೆ ರೀಸೆಟ್ ಎಂದು ಹೆಸರು.

ಲಿನಕ್ಸ್ ತನ್ನ ಕಡೆಯ ಕೆಲಸವನ್ನು ಬಹುಮಟ್ಟಿಗೆ ಮಾಡಿದೆ. 2012ರಲ್ಲಿ ಬಂದ 3.6ನೇ ಆವೃತ್ತಿಯಿಂದ ಅದರಲ್ಲಿ ವಿಎಫ್‌ಐಒ ಎಂಬ ವ್ಯವಸ್ಥೆಯಿದೆ. ಹೋಸ್ಟಿನ ಡ್ರೈವರ್ ಕಾರ್ಡನ್ನು ಬಿಟ್ಟುಕೊಡುತ್ತದೆ, ವಿಎಫ್‌ಐಒ ಹಿಡಿದುಕೊಂಡು ಗೆಸ್ಟ್‌ಗೆ ಒಪ್ಪಿಸುತ್ತದೆ. ಗೆಸ್ಟ್ ಮುಚ್ಚಿದಾಗ ಕಾರ್ಡನ್ನು ರೀಸೆಟ್ ಮಾಡಲು, ಹಳೆಯ ಡ್ರೈವರಿಗೆ ಮರಳಿಸಲು ಲಿಬ್‌ವರ್ಟ್ ತಂತ್ರಾಂಶದಲ್ಲಿ ಆಜ್ಞೆಗಳಿವೆ. ಕೆಲವೊಮ್ಮೆ ತಪ್ಪು ನಮ್ಮ ಕಡೆಯದೇ ಇರುತ್ತದೆ. ಚಿತ್ರದ ಜೊತೆ ಧ್ವನಿಗೂ ಕಾರ್ಡಿನಲ್ಲಿ ಬೇರೆ ಭಾಗವಿರುತ್ತದೆ, ಎರಡೂ ಜೊತೆಯಾಗಿ ಹೋಗಿ ಜೊತೆಯಾಗಿ ಬರಬೇಕು. ಇದನ್ನೆಲ್ಲ ಸರಿಯಾಗಿ ಮಾಡಿದ ಮೇಲೂ ಕಾರ್ಡಿಗೇ ರೀಸೆಟ್ ಆಗಲು ಬಾರದಿದ್ದರೆ ತಂತ್ರಾಂಶ ಏನು ಮಾಡೀತು?

ಮೂಲ ಸಮಸ್ಯೆ ಇರುವುದು ಇಲ್ಲಿ. ಕಾರ್ಡುಗಳು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಮಾನದಂಡವು, ಸಾಧನವನ್ನು ಮಾತ್ರ ಬೇರೆಯಾಗಿ ಅಳಿಸಿ ಹೊಸದಾಗಿಸುವ ಫಂಕ್ಷನ್ ಲೆವೆಲ್ ರೀಸೆಟ್ಟನ್ನು ಸಾಮಾನ್ಯ ಸಾಧನಗಳಿಗೆ ಶಿಫಾರಸು ಮಾಡಿದೆಯೇ ಹೊರತು ಕಡ್ಡಾಯ ಮಾಡಿಲ್ಲ. ಕಡ್ಡಾಯವಲ್ಲದ್ದನ್ನು ಕಂಪನಿ ಬಿಟ್ಟರೆ ಕೇಳುವವರಿಲ್ಲ. ನಮ್ಮ ಪಕ್ಕದ ಸೇವಾ ಕೇಂದ್ರದವರ ಬೆರಳಚ್ಚು ಯಂತ್ರವಾದರೆ ಯುಎಸ್‌ಬಿ. ಮುನಿಸಿಕೊಂಡರೆ ಕಿತ್ತು ಮತ್ತೆ ಚುಚ್ಚುತ್ತಾರೆ. ಕ್ಯಾಬಿನೆಟ್ ಒಳಗೆ ಸ್ಕ್ರೂ ಹಾಕಿ ಕೂರಿಸಿದ ಕಾರ್ಡನ್ನು ಕರೆಂಟು ಇರುವಾಗ ಕೀಳಲಾಗದು.

ನನ್ನ ಅಂಗಡಿಯ ಕಾರ್ಡಿನ ಮಾತು ಒತ್ತಟ್ಟಿಗಿರಲಿ, ಜಗಜ್ಜಾಹೀರಾದ ಉದಾಹರಣೆಗಳೇ ಇವೆ. ಎಎಂಡಿ ಕಂಪನಿಯ ಪೊಲಾರಿಸ್, ವೇಗಾ, ನವಿ ತಲೆಮಾರಿನ ಹಲವು ಕಾರ್ಡುಗಳು ಗೆಸ್ಟ್ ಮುಚ್ಚಿದ ಮೇಲೆ ಮತ್ತೆ ಏಳದೆ ಹೆಸರು ಕೆಡಿಸಿಕೊಂಡವು. ಅದಕ್ಕೆ ಪರಿಹಾರವಾಗಿ ವೆಂಡರ್-ರೀಸೆಟ್ ಎಂಬ ತಂತ್ರಾಂಶ ಬರೆದದ್ದು ಜೆಫ್ರಿ ಮೆಕ್ರೇ ಮತ್ತು ಸಂಗಡಿಗರು, ಕಂಪನಿಯ ಹೊರಗಿನವರು. ಎನ್‌ವಿಡಿಯಾದ ಕಥೆ ಇನ್ನೊಂದು ತುದಿಯದು. ಅದರ ಜಿಫೋರ್ಸ್ ಕಾರ್ಡಿನ ವಿಂಡೋಸ್ ಡ್ರೈವರ್, ತಾನಿರುವುದು ವರ್ಚುವಲ್ ಮಷೀನಿನಲ್ಲಿ ಎಂದು ಗೊತ್ತಾದರೆ 2021ರವರೆಗೂ ಕೆಲಸ ಮಾಡಲು ಒಪ್ಪುತ್ತಿರಲಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ನಮ್ಮದೇ ಯಂತ್ರದೊಳಗೆ ಹೇಗೆ ಬಳಸಬೇಕೆಂದು ಅವರು ತೀರ್ಮಾನಿಸಿದ್ದರು.

ಇದು ಹೊಸ ತಂತ್ರಜ್ಞಾನ, ಕಾಲಕ್ರಮದಲ್ಲಿ ಸರಿಹೋದೀತು ಎನ್ನುವಂತೆಯೂ ಇಲ್ಲ. ಐಬಿಎಂ ತನ್ನ ವಿಎಂ/370 ವ್ಯವಸ್ಥೆಯನ್ನು ಪ್ರಕಟಿಸಿದ್ದು 1972ರಲ್ಲಿ. ಟೇಪ್ ಡ್ರೈವ್ ಒಂದನ್ನು ಯಾವುದಾದರೂ ವರ್ಚುವಲ್ ಮಷೀನಿಗೆ ಕೊಡಲು ಅದರಲ್ಲಿ ಅಟ್ಯಾಚ್ ಎಂಬ ಆಜ್ಞೆ ಇತ್ತು, ಹಿಂಪಡೆಯಲು ಡಿಟ್ಯಾಚ್ ಇತ್ತು. ಕೊಡುವುದನ್ನೂ ಪಡೆಯುವುದನ್ನೂ ಒಂದೇ ಕೆಲಸದ ಎರಡು ಭಾಗವೆಂದು ಆ ಎಂಜಿನಿಯರುಗಳು ಬಗೆದಿದ್ದರು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರ ಮುಂದೆ ಇದನ್ನು ಹೇಳಿಕೊಂಡರೆ ಉತ್ತರ ಸಿದ್ಧವಾಗಿರುತ್ತದೆ: ‘ಇನ್ನೊಂದು ಕಾರ್ಡ್ ತಗೊಂಡ್ಬಿಡಿ ಸಾರ್.’ ಅವರಿಗೆ ಅದು ವ್ಯಾಪಾರ. ನನಗೆ ಅದು ಎಷ್ಟೋ ಮದುವೆ ಆರ್ಡರುಗಳ ಲಾಭ. ದೊಡ್ಡ ಡೇಟಾ ಸೆಂಟರಿನಲ್ಲಿ ಒಂದು ಯಂತ್ರ ಕೈಕೊಟ್ಟರೆ ಕೆಲಸ ಮತ್ತೊಂದಕ್ಕೆ ಹೋಗುತ್ತದೆ. ಒಂದೇ ಯಂತ್ರದಲ್ಲಿ ಬದುಕು ಕಟ್ಟಿಕೊಂಡ ತಾಲ್ಲೂಕು ಕೇಂದ್ರದವರಿಗೆ ಆ ಸೌಕರ್ಯವಿಲ್ಲ. ನಮ್ಮಂಥವರ ಸಂಖ್ಯೆ ಹೆಚ್ಚಲಿದೆ ಕೂಡ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಹಳೆಯ ಕಂಪ್ಯೂಟರುಗಳು ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಲಿನಕ್ಸ್ ಹಾಕಿಕೊಂಡು, ಬಿಡಲಾಗದ ಒಂದೆರಡು ತಂತ್ರಾಂಶಗಳಿಗಷ್ಟೇ ಒಳಗೊಂದು ವಿಂಡೋಸ್ ಇಟ್ಟುಕೊಳ್ಳುವುದು ಬುದ್ಧಿವಂತಿಕೆಯ ದಾರಿ.

ಇದರಲ್ಲಿ ಸಾರ್ವಜನಿಕ ಹಣದ ಪ್ರಶ್ನೆಯೂ ಇದೆ. ಕೇಂದ್ರ ಸರ್ಕಾರ 2024ರಲ್ಲಿ 10,372 ಕೋಟಿ ರೂಪಾಯಿಯ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ನವೋದ್ಯಮಗಳಿಗೆ, ಸಂಶೋಧಕರಿಗೆ ರಿಯಾಯಿತಿ ದರದಲ್ಲಿ ಗ್ರಾಫಿಕ್ಸ್ ಚಿಪ್‌ಗಳನ್ನು ಒದಗಿಸುವುದು ಅದರ ಮುಖ್ಯ ಭಾಗ. ಒಂದೇ ಚಿಪ್ ಹಲವರ ಕೈ ದಾಟುವಲ್ಲಿ ಒಬ್ಬರ ಕೆಲಸದ ಅವಶೇಷ ಇನ್ನೊಬ್ಬರಿಗೆ ಸಿಗಬಾರದು. ಭಯ ಬರೀ ಊಹೆಯದಲ್ಲ: 2024ರ ಜನವರಿಯಲ್ಲಿ ಟ್ರೇಲ್ ಆಫ್ ಬಿಟ್ಸ್ ಸಂಸ್ಥೆಯ ಸಂಶೋಧಕರು ‘ಲೆಫ್ಟ್‌ಓವರ್‌ಲೋಕಲ್ಸ್’ ಎಂಬ ದೋಷವನ್ನು ಬಯಲಿಗಿಟ್ಟರು. ಕೆಲವು ಕಂಪನಿಗಳ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಒಂದು ತಂತ್ರಾಂಶ ಬಿಟ್ಟುಹೋದ ದತ್ತಾಂಶವನ್ನು ಇನ್ನೊಂದು ಓದಬಹುದಿತ್ತು. ಪಾಸ್‌ಥ್ರೂಗೂ ಅದಕ್ಕೂ ದಾರಿ ಬೇರೆಯಾದರೂ ಪಾಠ ಒಂದೇ: ಕೈ ಬದಲಾಗುವ ಮುನ್ನ ತೊಳೆಯಬೇಕು.

ಹಾಗಾದರೆ ಮಾಡಬೇಕಾದ್ದೇನು? ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲೋ ರಾಜ್ಯದ ಟೆಂಡರಿನಲ್ಲೋ ಕಾಲೇಜು, ಇಲಾಖೆಗಳು ಗ್ರಾಫಿಕ್ಸ್ ಕಾರ್ಡಿರುವ ಕಂಪ್ಯೂಟರ್ ಕೊಳ್ಳುವಾಗ ಮೆಮೊರಿ ಎಷ್ಟು, ವೇಗ ಎಷ್ಟು ಎಂದೆಲ್ಲ ಕೇಳುತ್ತಾರೆ. ಅದರ ಜೊತೆಗೆ ಇದನ್ನೂ ಸೇರಿಸಲಿ: ಕಾರ್ಡನ್ನು ಗೆಸ್ಟ್‌ಗೆ ಕೊಡಿ, ಗೆಸ್ಟ್ ಮುಚ್ಚಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡದೆ ಅದೇ ಕಾರ್ಡಿನಲ್ಲಿ ಹೋಸ್ಟಿನ ಕೆಲಸ ಮಾಡಿ ತೋರಿಸಿ. ಗೆಸ್ಟ್ ಕ್ರಮವಾಗಿ ಮುಚ್ಚಿದಾಗಲೂ ಆಗಬೇಕು, ಹ್ಯಾಂಗ್ ಆಗಿ ಬಲವಂತದಿಂದ ನಿಲ್ಲಿಸಿದಾಗಲೂ ಆಗಬೇಕು. ಇದಕ್ಕೆ ವಿಶೇಷ ಪ್ರಯೋಗಾಲಯ ಬೇಡ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ವಿದ್ಯಾರ್ಥಿಗಳೇ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದಾದ ಪರೀಕ್ಷೆ.

ನನ್ನಂಥ ಒಬ್ಬ ಗಿರಾಕಿ ಕೇಳಿದರೆ ಕಂಪನಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಾವಿರಗಟ್ಟಲೆ ಯಂತ್ರ ಕೊಳ್ಳುವ ಸರ್ಕಾರ ಕೇಳಿದರೆ ಹಾಕಿಕೊಳ್ಳುತ್ತದೆ. ಅಲ್ಲಿ ಸರಿಪಡಿಸಿದ ಕಾರ್ಡೇ ನಾಳೆ ನಮ್ಮೂರಿನ ಅಂಗಡಿಗೂ ಬರುತ್ತದೆ. ಆದ್ದರಿಂದ ಖರೀದಿ ಸಮಿತಿಯಲ್ಲಿ ಕೂತವರಲ್ಲಿ ನನ್ನ ಮನವಿ ಇಷ್ಟೇ: ಈ ಪರೀಕ್ಷೆಯಲ್ಲಿ ಪಾಸಾಗದ ಕಾರ್ಡಿನ ಬಿಲ್ಲು ಪಾಸು ಮಾಡಬೇಡಿ.