ಬೆಸುಗೆ ಕಲಿಸುವ ಪಾಠ



ಹಳೆಯ ಕಂಪ್ಯೂಟರಿನ ಪ್ರತಿರೂಪವನ್ನು ಬಿಡಿಭಾಗಗಳ ಕಿಟ್ ತರಿಸಿ ತಾವೇ ಬೆಸೆದು ಕಟ್ಟುವ ಹವ್ಯಾಸಿಗಳು ಇಂದು ಹಲವು ದೇಶಗಳಲ್ಲಿದ್ದಾರೆ. ಜೇಬಿನ ಮೊಬೈಲಿನ ಮುಂದೆ ಏನೇನೂ ಅಲ್ಲದ ಯಂತ್ರಕ್ಕೆ ಇಷ್ಟೊಂದು ಶ್ರಮವೇಕೆಂದು ಕೆಲವರು ಕೇಳುವುದುಂಟು. ಆ ಸರಳತೆಯೇ ಅದರ ಗುಣವೆಂಬುದು ನನ್ನ ಅಭಿಮತ.

1975ರ ಆಲ್ಟೇರ್ 8800 ಕಿಟ್ ರೂಪದಲ್ಲಿಯೇ ಮಾರಾಟವಾಯಿತು. ಮೂಲ ಯಂತ್ರದ ಸ್ಮೃತಿ 256 ಬೈಟುಗಳು ಮಾತ್ರ, ಕೀಲಿಮಣೆಯಿಲ್ಲ, ಪರದೆಯಿಲ್ಲ. ಸ್ವಿಚ್ಚುಗಳಿಂದ ಒಂದು-ಸೊನ್ನೆಗಳನ್ನು ತುಂಬಿ, ಪುಟ್ಟ ದೀಪಗಳಲ್ಲಿ ಉತ್ತರವನ್ನು ಓದಬೇಕು. ದ್ವಿಮಾನ ಪದ್ಧತಿಯನ್ನು ಕರಿಹಲಗೆಯ ಮೇಲೆ ಎಷ್ಟು ಬಾರಿ ವಿವರಿಸಿದರೂ ಮನದಟ್ಟಾಗದ ಬಾಲಕನಿಗೆ ಆ ದೀಪಗಳ ಸಾಲು ಕ್ಷಣದಲ್ಲಿ ತಿಳಿಸಬಲ್ಲದು. ಒಂದು ದೀಪ ಹೊತ್ತದಿದ್ದರೆ ಯಾವ ಬೆಸುಗೆ ಸಡಿಲವೆಂದು ಅವನೇ ಹುಡುಕುತ್ತಾನೆ. ಕಾರ್ಯಕಾರಣ ಸಂಬಂಧವನ್ನು ಕಲಿಯುವುದು ಹಾಗೆ.

ಕಾಲವೂ ಕಾಯುವುದಿಲ್ಲ. ಇಂತಹ ಅನೇಕ ಕಿಟ್ಟುಗಳ ಜೀವಾಳವಾದ, 1976ರಲ್ಲಿ ಬಂದ ಝಡ್80 ಚಿಪ್ಪಿನ ಮೂಲ ಮಾದರಿಯ ತಯಾರಿಕೆಯನ್ನು ನಿಲ್ಲಿಸುವುದಾಗಿ ಜಿಲಾಗ್ ಸಂಸ್ಥೆ 2024ರಲ್ಲಿ ಪ್ರಕಟಿಸಿತು.

ಬೆಂಗಳೂರಿನಲ್ಲಿ ಇಂಜಿನಿಯರುಗಳಾಗಿರುವ ನನ್ನ ಶಿಷ್ಯರೇ, ಕಚೇರಿಯಲ್ಲಿ ಬೇಡವಾದ ಕಂಪ್ಯೂಟರುಗಳನ್ನು ಮುಳಬಾಗಿಲಿನ ಶಾಲೆಗಳಿಗೆ ಕಳುಹಿಸುವ ನಿಮ್ಮ ಔದಾರ್ಯ ದೊಡ್ಡದು. ಆದರೆ ಒಮ್ಮೆ ಒಂದು ಕಿಟ್ಟನ್ನೂ ಎಸ್.ಪಿ. ರಸ್ತೆಯ ಎರಡು ಬೆಸುಗೆ ಕಡ್ಡಿಗಳನ್ನೂ ಹಿಡಿದು ನೀವೇ ಬನ್ನಿ. ಎರಡು ಭಾನುವಾರ ಮಕ್ಕಳ ಪಕ್ಕದಲ್ಲಿ ಕುಳಿತರೆ ಸಾಕು.